ಬಸ್ಸಿನ ಹಿಂದೆ ಓಡದವರು

ಮಾರ್ಚ್ ೩, ಸೋಮವಾರ

ಇವತ್ತೂ ಆಸ್ಪತ್ರೆಯ ಕೆಲಸಕ್ಕೆ ನಡೆದೇ ಹೋದೆ. ಗಾಳಿ ಕಿವಿಯೊಳಗೆ ಸೂಜಿ ಚುಚ್ಚುವಂತಿತ್ತು. ನಡೆಯುವುದು ನನಗಿಷ್ಟ ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಹೇಳಿದ ಮೇಲೆ ಮುಗಿಯಿತು.

ಬಸ್ಸು ನಿಲ್ಲಬೇಕಾದದ್ದು ಔಷಧಿ ಅಂಗಡಿಯ ಮುಂದಿನ ಕಂಬದ ಹತ್ತಿರ. ಕಂಬದ ಮೇಲೆ ಬಸ್ಸಿನ ಚಿತ್ರವಿದೆ, ಕೆಳಗೆ ಬೆಂಚೂ ಇದೆ. ಈ ಊರಿನವರು ಯಾರಾದರೂ ನಿಂತಿದ್ದರೆ ಬಸ್ಸು ಪಳಗಿದ ಹಸುವಿನ ಹಾಗೆ ಕಂಬದ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಹೊರದೇಶದಿಂದ ಬಂದ ನಾವಷ್ಟೇ ಇದ್ದರೆ ಕಂಬ ದಾಟಿ, ಬೀಗ ರಿಪೇರಿ ಅಂಗಡಿ ದಾಟಿ, ಪೆಟ್ರೋಲ್ ಬಂಕಿನ ಮುಂದೆ ನಿಲ್ಲುತ್ತದೆ. ಓಡಿದವರು ಹತ್ತುತ್ತಾರೆ, ಓಡದವರು ಹೊಗೆ ಕುಡಿಯುತ್ತಾರೆ.

ನಮ್ಮ ಬೀದಿಯವರು ಓಡುತ್ತಾರೆ. ಊಟದ ಡಬ್ಬಿ ಎದೆಗೊತ್ತಿಕೊಂಡು, ಹಲ್ಲು ಕಿಸಿದುಕೊಂಡು, ಏನೋ ಆಟ ಎಂಬಂತೆ ಓಡುತ್ತಾರೆ. ಎಲ್ಲರಿಗಿಂತ ಮುಂದೆ ನಮ್ಮ ಮೇಲಿನ ಮನೆಯವಳು. ಅವಳಿಗೆ ನಾನು ಓಟಗಾತಿ ಎಂದು ಹೆಸರಿಟ್ಟಿದ್ದೇನೆ. ನಮ್ಮ ದೇಶದಲ್ಲಿ ನದಿಯಾಚೆಯವಳು. ನಮ್ಮ ಭಾಷೆಯನ್ನೇ ಆಡುತ್ತಾಳೆ, ಆದರೆ ಗುಡುಗಿನ ಹಾಗೆ ಆಡುತ್ತಾಳೆ. ಆ ಕಡೆಯವರೆಲ್ಲ ಹಾಗೇ. ಇವರ ಓಟವನ್ನು ಕನ್ನಡಕದ ಚಾಲಕ ಪಕ್ಕದ ಕನ್ನಡಿಯಲ್ಲಿ ನೋಡುತ್ತಾನೆ. ಅವನು ನಕ್ಕದ್ದನ್ನು ಕಣ್ಣಾರೆ ಕಂಡಿದ್ದೇನೆ.

ನಾನು ಓಡುವುದಿಲ್ಲ. ನಮ್ಮ ಮನೆತನದಲ್ಲಿ ಹೆಂಗಸರು ಯಾವುದರ ಹಿಂದೆಯೂ ಓಡಿದವರಲ್ಲ. ನಡೆದರೆ ಆಸ್ಪತ್ರೆ ಎಷ್ಟು ದೂರ? ಬೇಗ ಎದ್ದರಾಯಿತು.

ಸಂಜೆ ಬಂದು ನನ್ನ ಹಳದಿ ಲೋಟದಲ್ಲಿ ಚಹಾ ಕುಡಿದೆ. ಆ ಲೋಟವನ್ನು ಈ ಮನೆಯಲ್ಲಿ ಬೇರೆ ಯಾರೂ ಮುಟ್ಟುವುದಿಲ್ಲ.

ಮಾರ್ಚ್ ೪, ಮಂಗಳವಾರ

ಮೊಮ್ಮಗಳು ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲೇ ಕಂಬದ ಹತ್ತಿರ ಹೋಗಿ ನಿಂತಿದ್ದಳಂತೆ. ಹತ್ತುವುದಕ್ಕಲ್ಲ, ನೋಡುವುದಕ್ಕೆ. ಊಟದ ಹೊತ್ತಿನಲ್ಲಿ ಶುರುವಾಯಿತು.

"ಅಜ್ಜಿ, ಇದು ಭೇದಭಾವ. ಸುಮ್ಮನೆ ಬಿಡೋ ವಿಷಯ ಅಲ್ಲ."

"ಅನ್ನ ತಣ್ಣಗಾಗ್ತಿದೆ. ತಿನ್ನು."

"ನಿನಗೆ ಕೋಪ ಬರಲ್ವಾ?"

"ನಾಯಿ ಬೊಗಳಿದ್ರೆ ಆನೆಗೆ ಕೋಪ ಬರತ್ತಾ?"

ಸೊಸೆ ತಟ್ಟೆ ನೋಡಿಕೊಂಡು ಹೇಳಿದಳು, "ಅತ್ತೆ, ಆನೆಗೆ ಏಳೂವರೆಗೆ ಶಾಲೆ ಗುಡಿಸೋ ಕೆಲಸ ಇರಲ್ಲ." ಸೊಸೆ ದಿನಾ ಓಡುವವಳು. ಅವಳ ಬಾಯಲ್ಲಿ ಇಂಥ ಮಾತು ಅಪರೂಪ. ನಾನು ಕೇಳಿಸದವಳಂತೆ ಎದ್ದೆ.

ಹುಡುಗಿಗೆ ಹಲ್ಲು ಬೀಳುವ ವಯಸ್ಸಿನಲ್ಲಿ ಈ ದೇಶಕ್ಕೆ ಬಂದೆವು. ಈಗ ಕಾಲೇಜಿನ ಎರಡನೆಯ ವರ್ಷ. ಸಂಜೆ ಹೊತ್ತು ಆಸ್ಪತ್ರೆಯಲ್ಲಿ ಹೊಸದಾಗಿ ಬಂದವರ ಪಕ್ಕ ಕೂತು ಅವರ ನೋವನ್ನು ವೈದ್ಯರ ಭಾಷೆಗೆ ದಾಟಿಸುತ್ತಾಳೆ. ಬಿಟ್ಟಿ ಕೆಲಸ. "ಜನರ ಕೆಲಸ ಅಜ್ಜಿ" ಎನ್ನುತ್ತಾಳೆ. ಇರಲಿ. ನನಗೆ ಬೇಕಾದದ್ದು ಒಂದೇ. ನಗರಸಭೆಯವರು ಕಾಲೇಜಿನ ಮಕ್ಕಳಲ್ಲಿ ಕೆಲವರನ್ನು ಆರಿಸಿ ಒಂದು ವರ್ಷ ತಮ್ಮ ಕಚೇರಿಯಲ್ಲಿ ಕೂರಿಸಿ ಕೆಲಸ ಕಲಿಸುತ್ತಾರೆ. ಆಮೇಲೆ ಅಲ್ಲೇ ನೌಕರಿ. ಈ ತಿಂಗಳ ಇಪ್ಪತ್ತನಾಲ್ಕಕ್ಕೆ ಅದರ ಸಂದರ್ಶನ. ನಮ್ಮ ಮನೆಯಿಂದ ಒಬ್ಬಳು ಆ ಕುರ್ಚಿಯಲ್ಲಿ ಕೂತದ್ದನ್ನು ನೋಡಿದರೆ ನಾನು ಆಸ್ಪತ್ರೆಯಲ್ಲಿ ಮಡಿಸಿದ ಬೆಡ್‌ಶೀಟುಗಳಿಗೆಲ್ಲ ಅರ್ಥ ಬರುತ್ತದೆ.

ಮಾರ್ಚ್ ೭, ಶುಕ್ರವಾರ

ಹೇಳಿದರೂ ಕೇಳಲಿಲ್ಲ. ಬಸ್ಸಿನ ಕಚೇರಿಗೆ ಹೋಗಿ ದೂರು ಹೇಳಿ ಬಂದಿದ್ದಾಳೆ. ಅಲ್ಲಿದ್ದವನು ನಗುನಗುತ್ತಾ, "ಬಸ್ಸು ನಿಲ್ಲುತ್ತದಲ್ಲ? ನೀವು ಸ್ವಲ್ಪ ಚುರುಕಾಗಬೇಕು" ಎಂದನಂತೆ. ನಿಲ್ಲಿಸದಿದ್ದರೆ ತಪ್ಪು. ಮುಂದೆ ಹೋಗಿ ನಿಲ್ಲಿಸಿದರೆ ತಪ್ಪಲ್ಲ. ಜಾಣರು.

"ಹೋಗಿ ಕೇಳಿದ್ದೇ ತಪ್ಪು. ಕೇಳಿದವರು ಚಿಕ್ಕವರಾಗ್ತಾರೆ" ಎಂದೆ.

"ಓಡಿದವರು ದೊಡ್ಡವರಾಗಿದ್ದಾರಾ?" ಎಂದಳು.

ಬಾಯಿ ಜೋರು. ಯಾರದ್ದು ಬಂದಿದೆಯೋ.

ಮಾರ್ಚ್ ೯, ಭಾನುವಾರ

ಇವತ್ತು ನಮ್ಮ ಮನೆ ಸಂತೆಯಾಗಿತ್ತು. ಮೊಮ್ಮಗಳು ಬೀದಿಯ ಅರ್ಧ ಜನರನ್ನು ಕರೆದುಕೊಂಡು ಬಂದಳು. ನನ್ನನ್ನು ಕೇಳಲಿಲ್ಲ. ಮಗ ಲಾರಿ ಓಡಿಸುವವನು, ವಾರಕ್ಕೆ ಒಂದು ದಿನ ಮನೆಯಲ್ಲಿರುತ್ತಾನೆ. ಆ ಒಂದು ದಿನವೂ ಅವನಿಗೆ ಕಾಲು ಚಾಚಲು ಜಾಗವಿರಲಿಲ್ಲ. ಬಂದವರಿಗೆಲ್ಲ ಕಾಗದದ ಲೋಟದಲ್ಲಿ ಚಹಾ ಕೊಟ್ಟೆ. ಓಟಗಾತಿಯೂ ಬಂದಿದ್ದಳು, ಸೊಂಟದ ಮೇಲೆ ಮಗು. ಅವಳಿಗೆ ಕುರ್ಚಿ ಸಿಗಲಿಲ್ಲ. ನಾನು ಹುಡುಕಿಕೊಡಲೂ ಇಲ್ಲ.

ಮೊಮ್ಮಗಳ ಯೋಚನೆ ಇಷ್ಟೆ. ನಾಳೆಯಿಂದ ಯಾರೂ ಓಡಬಾರದು. ಬಸ್ಸು ಬಂಕಿನ ಹತ್ತಿರ ನಿಂತರೆ ಎಲ್ಲರೂ ನಡೆದುಕೊಂಡೇ ಹೋಗಬೇಕು. ಖಾಲಿ ಬಸ್ಸು ಎಷ್ಟು ದಿನ ಓಡಿಸುತ್ತಾರೆ?

"ನಮ್ಮಜ್ಜಿ ಒಂದು ದಿನವೂ ಓಡಿಲ್ಲ. ಅವಳ ಹಾಗೆ ನಡೆಯೋಣ" ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ಬೆನ್ನು ತಾನಾಗಿ ನೆಟ್ಟಗಾಯಿತು.

ಆಗ ಆ ಓಟಗಾತಿ ಗೋಡೆಗೊರಗಿಕೊಂಡೇ ಅಂದಳು, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ಓಡಲಾರದವಳು ಮರ್ಯಾದೆ ಅಂದ್ಲಂತೆ! ಅಮ್ಮಾವ್ರೇ, ತಡವಾಗಿ ಹೋದ್ರೆ ನನ್ನ ಮಗುಗೆ ಹಾಲು ನಿಮ್ಮ ಮರ್ಯಾದೆ ಕರೆದು ಕೊಡತ್ತಾ?"

ಕೆಲವರು ನಕ್ಕರು. ನನ್ನ ಮಗನೂ ಮೀಸೆಯೊಳಗೆ ನಕ್ಕ, ನೋಡಿದೆ.

ಮೊಣಕಾಲು ನನ್ನದು. ಅದು ನೋಯುತ್ತದೋ ಇಲ್ಲವೋ ನದಿಯಾಚೆಯವರಿಗೆ ಲೆಕ್ಕ ಕೊಡಬೇಕಿಲ್ಲ.

ಮಾರ್ಚ್ ೧೦, ಸೋಮವಾರ

ಓಟಗಾತಿ ಓಡಿದಳು. ಇನ್ನೂ ಮೂವರು ಅವಳ ಹಿಂದೆ ಓಡಿದರು. ನಡೆದವರು ಬಸ್ಸಿನ ಬೆನ್ನು ನೋಡಿದರು. ಸೊಸೆ ಶಾಲೆಗೆ ತಡವಾಗಿ ಹೋಗಿ ಬೈಸಿಕೊಂಡು ಬಂದಳು. ಆದರೂ ಸಂಜೆ ಅವಳ ಮುಖದಲ್ಲಿ ಏನೋ ಒಂದು ಕಳೆಯಿತ್ತು. "ಅತ್ತೆ, ಇವತ್ತು ನನಗೆ ಏದುಸಿರೇ ಬರಲಿಲ್ಲ" ಎಂದಳು.

ಮಾರ್ಚ್ ೧೨, ಬುಧವಾರ

ನಾನು ಹೆದರಿದ್ದೇ ಆಯಿತು. ಬಸ್ಸುಗಳೂ ನಗರಸಭೆಯವೇ, ತರಬೇತಿಯೂ ನಗರಸಭೆಯದೇ. ತರಬೇತಿ ನೋಡಿಕೊಳ್ಳುವ ಅಧಿಕಾರಿಣಿ ಮೊಮ್ಮಗಳನ್ನು ಕರೆಸಿ, ಬಿಸ್ಕತ್ತು ಕೊಟ್ಟು, ಮೆತ್ತಗೆ ಹೇಳಿದಳಂತೆ, "ನೀನು ಬುದ್ಧಿವಂತೆ. ನಮ್ಮ ಬಸ್ಸಿನ ಮೇಲೇ ಜಗಳಕ್ಕೆ ನಿಂತವಳನ್ನ ನಮ್ಮ ಕುರ್ಚಿಯಲ್ಲಿ ಹೇಗೆ ಕೂರಿಸಲಿ? ಸಂದರ್ಶನ ಮುಗಿಯುವ ತನಕ ಜನ ಸೇರಿಸೋದು ಬಿಡು."

"ಬಿಟ್ಟುಬಿಡು. ಮೊದಲು ಕುರ್ಚಿ, ಆಮೇಲೆ ನ್ಯಾಯ" ಎಂದೆ.

"ಹೀಗೆ ಬಿಟ್ಟು ಬಿಟ್ಟು ಕುರ್ಚಿ ಹತ್ತಿದ ಮೇಲೆ ನ್ಯಾಯದ ನೆನಪಿರತ್ತಾ ಅಜ್ಜಿ?"

"ದೊಡ್ಡ ಮಾತು ಬೇಡ. ನನ್ನ ಮಾತು ಕೇಳು."

ಅವಳು ನನ್ನ ಮುಂದೆ ನೆಲದ ಮೇಲೆ ಕೂತಳು. ಚಿಕ್ಕವಳಿದ್ದಾಗ ಜಡೆ ಹಾಕಿಸಿಕೊಳ್ಳಲು ಕೂರುತ್ತಿದ್ದ ಹಾಗೆ, ಆದರೆ ಮುಖ ನನ್ನ ಕಡೆಗೆ. "ನೀನು ಯಾಕೆ ಓಡಲ್ಲ? ನಿಜ ಹೇಳು."

"ನನಗೆ ನಡೆಯೋದು ಇಷ್ಟ."

"ಈ ಚಳಿಯಲ್ಲಾ? ಆ ಮಂಡಿ ಇಟ್ಕೊಂಡಾ?"

ನಾನು ಶಾಲನ್ನು ಮಂಡಿಯ ಮೇಲೆ ಎಳೆದುಕೊಂಡೆ. ಅವಳು ಎದ್ದು ಹೋಗಲಿಲ್ಲ. ಆ ಅಧಿಕಾರಿಣಿಯ ಮೆತ್ತಗಿನ ದನಿ ನನ್ನ ತಲೆಯೊಳಗೆ ಓಡಾಡುತ್ತಿತ್ತು. ಬಿಸ್ಕತ್ತು ಕೊಟ್ಟು ಹೇಳಿದಳಂತೆ. ನನ್ನ ಮೊಮ್ಮಗಳಿಗೆ. ಬಿಸ್ಕತ್ತು.

ಕಡೆಗೆ ಹೇಳಿದೆ, "ಜನ ಸೇರಿಸಬೇಡ ಅಂದಿದ್ದು ನಿನಗೆ. ನನಗೆ ಯಾರೂ ಅಂದಿಲ್ಲ. ಮುದುಕಿ ಬಸ್ಸಿಗೆ ನಿಲ್ಲಬಾರದು ಅಂತ ಎಲ್ಲಾದ್ರೂ ಕಾನೂನಿದೆಯಾ? ನೀನು ಸಂದರ್ಶನಕ್ಕೆ ಓದು. ಕಂಬ ನಾನು ನೋಡ್ಕೋತೀನಿ."

ಮಾರ್ಚ್ ೧೩, ಗುರುವಾರ

ಕಂಬದ ಹತ್ತಿರ ನಿಂತೆ. ಬಸ್ಸು ಹೊಗೆ ಬಿಟ್ಟು ಮುಂದೆ ಹೋಯಿತು. ನಾನು ನನ್ನ ನಡಿಗೆಯಲ್ಲಿ ಹೊರಟೆ, ಹಿಂದೆ ಸೊಸೆ, ಅವಳ ಹಿಂದೆ ಓಡದೆ ಉಳಿದವರು. ಕೆಲವರು ಕಾಲು ಬೀಸಿ ಹಾಕಹೊರಟರು. "ಬೇಗ ನಡೆಯೋದೂ ಓಟವೇ. ಗಲ್ಲ ಮೇಲೆ. ಡಬ್ಬಿ ಕೈಯಲ್ಲಿ ಹಿಡೀರಿ, ಎದೆಗಲ್ಲ. ಅದೇನು ಕದ್ದ ಮಾಲಾ?" ಎಂದೆ. ನಾವು ಬಂಕು ಮುಟ್ಟುವ ಮೊದಲೇ ಬಸ್ಸು ಹೊರಟುಹೋಯಿತು. ಹಾಗೇ ಎಲ್ಲರೂ ನಡೆದೇ ಕೆಲಸಕ್ಕೆ ಹೋದೆವು. ಮದುಮಗಳಿಲ್ಲದ ದಿಬ್ಬಣದ ಹಾಗೆ ಕಾಣುತ್ತಿದ್ದೆವೇನೋ, ಬೀಗ ರಿಪೇರಿಯವನು ಅಂಗಡಿಯ ಹೊರಗೆ ಬಂದು ನೋಡಿದ.

ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಇಸ್ತ್ರಿ ಯಂತ್ರ ಆಗಲೇ ಬಿಸಿ ಕಕ್ಕುತ್ತಿತ್ತು. ಮೇಲ್ವಿಚಾರಕಿ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ನಾನೂ ಇಬ್ಬರನ್ನೂ ನೋಡಿದೆ. ಬೆಡ್‌ಶೀಟಿನ ಮೂಲೆಗೆ ಮೂಲೆ ಸೇರಿಸಿ ಮಡಿಸುತ್ತ ಹೋದೆ. ಹೊರಡುವ ಹೊತ್ತಿಗೆ ನನ್ನ ರಾಶಿ ಎಲ್ಲರದಕ್ಕಿಂತ ಎತ್ತರವಿತ್ತು. ಮೇಲ್ವಿಚಾರಕಿ ಮತ್ತೆ ಗಡಿಯಾರ ನೋಡಲಿಲ್ಲ.

ಮಾರ್ಚ್ ೧೭, ಸೋಮವಾರ

ಇವತ್ತು ಕಂಬದ ಹತ್ತಿರ ಔಷಧಿ ಅಂಗಡಿಯವನ ತಾಯಿ ನಿಂತಿದ್ದಳು. ಕೋಲು, ಉಣ್ಣೆಯ ಟೋಪಿ, ಕೈಚೀಲ. ಅವಳಿದ್ದರೆ ಬಸ್ಸು ಕಂಬಕ್ಕೇ ಬರುತ್ತದೆ. ನಮ್ಮವರ ಮುಖಗಳೆಲ್ಲ ಅರಳಿದವು. ಅವಳು ನಮ್ಮನ್ನು ನೋಡಿ ಕೈಚೀಲವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡಳು, ಬಲಗೈ ನಮ್ಮಿಂದ ದೂರ. ಎಲ್ಲರೂ ಹತ್ತಿದರು. ನಾನು ಹತ್ತಲಿಲ್ಲ. ಅವಳ ನೆರಳು ಹಿಡಿದು ಹತ್ತುವ ಬಸ್ಸು ನನಗೆ ಬೇಡ.

ಸೊಸೆ ಕಿಟಕಿಯಿಂದ ಕರೆಯುತ್ತಲೇ ಇದ್ದಳು.

ಮಾರ್ಚ್ ೧೮, ಮಂಗಳವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಬಸ್ಸು ಬಂಕಿಗೆ ಹೋಯಿತು. ಓಟಗಾತಿ ಒಬ್ಬಳೇ ಓಡಿದಳು. ಉಳಿದವರೆಲ್ಲ ಈಗ ನನ್ನ ಜೊತೆಗೆ. ಅವಳು ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಯಾಕೋ ಏನೋ, ಹಿಂತಿರುಗಿ ನಮ್ಮನ್ನು ನೋಡಿದಳು. ನೋಡುತ್ತಲೇ ನಿಂತಳು. ಚಾಲಕ ಕಿರುಚಿದ. ಅವಳು ಬೆಚ್ಚಿ ಕಾಲು ತೆಗೆದಳು, ಬಾಗಿಲು ಮುಚ್ಚಿತು, ಬಸ್ಸು ಅವಳನ್ನೂ ಬಿಟ್ಟು ಹೊರಟಿತು.

ನಾವು ಹತ್ತಿರ ಹೋದಾಗ ಅವಳು ಬಂಕಿನ ಕಟ್ಟೆಯ ಮೇಲೆ ಕೂತು ಅಳುತ್ತಿದ್ದಳು. ಆ ಗುಡುಗಿನ ಗಂಟಲಿಗೆ ಅಳು ಒಂದು ಚೂರೂ ಹೊಂದುವುದಿಲ್ಲ.

"ಏನು ನೋಡ್ತಾ ನಿಂತೆ?" ಎಂದು ಕೇಳಿದೆ.

"ನಿಮ್ಮನ್ನೇ. ಎಲ್ಲಾ ಸಾಲಾಗಿ ಬರ್ತಿದ್ರಿ. ನಾನೊಬ್ಳೇ ನಾಯಿ ಥರ ಓಡಿ ಬಂದಿದ್ದೆ." ಮೂಗು ಒರೆಸಿಕೊಂಡಳು. "ಕಾಲು ತೆಗೀಬಾರದಿತ್ತು ನಾನು. ಮೆಟ್ಟಿಲ ಮೇಲೆ ಕಾಲಿದ್ರೆ ಬಾಗಿಲು ಮುಚ್ಚಲ್ಲ. ಬಾಗಿಲು ಮುಚ್ಚದೆ ಬಸ್ಸು ಹೊರಡಲ್ಲ. ದಿನಾ ಹತ್ತೋಳು ನಾನು, ನಂಗೆ ಗೊತ್ತು."

ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು.

"ನಾಳೆ ಓಡ್ತೀಯಾ?" ಎಂದೆ.

"ಏನು?"

"ಓಡು. ನಿನ್ನಷ್ಟು ಬೇಗ ಈ ಬೀದೀಲಿ ಯಾರೂ ಓಡಲ್ಲ. ಓಡಿ ಹೋಗಿ ಕಾಲಿಡು. ನಾವು ಬರೋ ತನಕ ತೆಗೀಬೇಡ."

ಅವಳು ಕಣ್ಣೀರಿನಲ್ಲೇ ನಕ್ಕಳು. "ಅಮ್ಮಾವ್ರೇ, ನೀವು ಬರೋದ್ರೊಳಗೆ ನನ್ನ ಮಗು ಮದುವೆಗೆ ಬಂದಿರತ್ತೆ."

"ಕರೀ, ಊಟಕ್ಕೆ ಬರ್ತೀನಿ" ಎಂದೆ.

ಮಾರ್ಚ್ ೧೯, ಬುಧವಾರ

ಕಾಲಿಟ್ಟಳು. ತೆಗೆಯಲಿಲ್ಲ.

ನಾನು ಎಂದಿಗಿಂತ ನಿಧಾನ ನಡೆಯಲಿಲ್ಲ, ಬೇಗವೂ ನಡೆಯಲಿಲ್ಲ. ಚಾಲಕ ಹಾರನ್ನು ಒತ್ತಿ ಹಿಡಿದುಕೊಂಡ. ಓಟಗಾತಿಗೆ ಏನೇನೋ ಅಂದ. ಅವಳಿಗೆ ಇಲ್ಲಿಯ ಭಾಷೆ ಅರ್ಧ ಬರುತ್ತದೆ, ಆದರೆ ಆ ಹೊತ್ತಿನಲ್ಲಿ ಅದೂ ಬಾರದವಳಾಗಿಬಿಟ್ಟಳು. ನಗುತ್ತ ತಲೆಯಾಡಿಸುತ್ತ ನಿಂತಿದ್ದಳು. ಒಳಗಿದ್ದ ಊರಿನವರು ಗೊಣಗಿದರು. ನಾನು ಕಂಬಿ ಹಿಡಿದು ಹತ್ತಿ, ಚಾಲಕನಿಗೆ "ಶುಭೋದಯ" ಎಂದೆ. ಇಲ್ಲಿಯ ಭಾಷೆಯಲ್ಲಿ ನಾನು ತಪ್ಪಿಲ್ಲದೆ ಹೇಳುವ ಮಾತು ಅದೊಂದೇ.

ಎಷ್ಟೋ ವರ್ಷದ ಮೇಲೆ ಆ ಬಸ್ಸಿನಲ್ಲಿ ಕೂತೆ. ಸೀಟಿನ ಕೆಳಗೆ ಬಿಸಿಗಾಳಿ ಬರುತ್ತದೆ. ಯಾರೂ ಹೇಳಿರಲಿಲ್ಲ. ಮಂಡಿಗೆ ಹಿತವಾಗಿತ್ತು. ಅಂದರೆ, ನೋವಿದ್ದವರಿಗೆ ಹಿತವಾಗಿರುತ್ತದೆ.

ಮಾರ್ಚ್ ೨೧, ಶುಕ್ರವಾರ

ಚಾಲಕ ಈಗ ಬಂಕನ್ನೂ ದಾಟಿ ಟೈರು ಗೋದಾಮಿನ ಹತ್ತಿರ ನಿಲ್ಲಿಸುತ್ತಾನೆ. ಮೇಲಿನ ಮನೆಯವಳು ಅಲ್ಲಿಗೂ ಓಡುತ್ತಾಳೆ. ಅವನು ದೂರ ಹೋದಷ್ಟೂ ನಾವು ಬರುವುದು ತಡ, ಅವನ ಬಸ್ಸೇ ತಡ. ತನ್ನ ಹಗ್ಗ ತಾನೇ ಉದ್ದ ಮಾಡಿಕೊಳ್ಳುತ್ತಿದ್ದಾನೆ. ಇವತ್ತು ಒಳಗಿದ್ದ ಊರಿನ ದಾದಿಯೊಬ್ಬಳು ನಮ್ಮ ಮೇಲೆ ಕೂಗಲಿಲ್ಲ, ಅವನ ಮೇಲೆ ಕೂಗಿದಳು. "ಕಂಬದ ಹತ್ತಿರ ನಿಲ್ಲಿಸೋಕೆ ನಿನಗೇನು ರೋಗ? ನನಗೆ ಕೆಲಸಕ್ಕೆ ತಡ ಆಗ್ತಿದೆ!" ಮೊಮ್ಮಗಳು ಆಮೇಲೆ ಅರ್ಥ ಹೇಳಿದಾಗ ಎರಡು ಸಲ ಹೇಳಿಸಿಕೊಂಡೆ.

ಸಂಜೆ ಮೇಲಿನ ಮನೆಯವಳು ಮಗುವನ್ನೆತ್ತಿಕೊಂಡು ಬಂದಳು. ಕುರ್ಚಿ ಕೊಟ್ಟೆ. ಬೇರೆ ಲೋಟಗಳು ತೊಳೆದಿರಲಿಲ್ಲ, ಹಳದಿಯದರಲ್ಲೇ ಚಹಾ ಕೊಟ್ಟೆ. ಅಷ್ಟೊಂದು ಸಕ್ಕರೆ ಹಾಕಿಕೊಳ್ಳಬಾರದು ಅವಳು.

ಮಾರ್ಚ್ ೨೩, ಭಾನುವಾರ

ನಾಳೆ ಸಂದರ್ಶನ. ಮೊಮ್ಮಗಳ ನೀಲಿ ಅಂಗಿಗೆ ನಾನೇ ಇಸ್ತ್ರಿ ಹಾಕಿದೆ. ಕಾಲರಿನ ತುದಿಯಿಂದ ಕಾಗದ ಕತ್ತರಿಸಬಹುದು. ಟ್ಯಾಕ್ಸಿಯಲ್ಲಿ ಹೋಗೆಂದರೆ ಮಗನೂ ಒಪ್ಪಿದ, ಅವಳು ಒಪ್ಪಲಿಲ್ಲ. "ಜನರ ಕೆಲಸ ಕೇಳೋಕೆ ಹೋಗ್ತಿದೀನಿ ಅಪ್ಪ, ಜನರ ಬಸ್ಸಲ್ಲೇ ಹೋಗ್ತೀನಿ. ಟಿಕೆಟ್ ತಗೊಂಡು ಕೂರೋದಕ್ಕೆ ಯಾರೂ ಬೇಡ ಅಂದಿಲ್ಲ."

ಸರಿ. ಆದರೆ ಅವಳಿಂದ ಮಾತು ತೆಗೆದುಕೊಂಡೆ. ನಾಳೆ ಒಂದು ದಿನ ಬಾಯಿ ಬಿಡಬಾರದು, ಬಸ್ಸು ಹತ್ತಬೇಕು, ಹೋಗಬೇಕು. "ಆಯ್ತಜ್ಜಿ" ಎಂದಳು. ತುಂಬಾ ಬೇಗ ಎಂದಳು.

ಮಾರ್ಚ್ ೨೪, ಸೋಮವಾರ

ಮಗುವಿಗೆ ಜ್ವರ ಎಂದು ಮೇಲಿನ ಮನೆಯವಳು ಬರಲಿಲ್ಲ. ಕಾಲಿಡುವವರಿಲ್ಲ. ಬಸ್ಸು ಕಂಬದ ಪಕ್ಕ ಒಂದಿಷ್ಟೂ ನಿಧಾನಿಸದೆ, ಆದರೆ ದಾದಿ ಬೈದ ಮೇಲೆ ಗೋದಾಮಿನ ತನಕ ಹೋಗದೆ, ಬಂಕಿನ ಮುಂದೆ ಹೋಗಿ ನಿಂತಿತು.

ಮುಂದಿನ ಬಸ್ಸಿನಲ್ಲಿ ಹೋದರೆ ಸಂದರ್ಶನ ತಪ್ಪುತ್ತದೆ. ಇವಳು ಅಲ್ಲಿ ನಿಂತಿದ್ದಾಳೆ, ನೀಲಿ ಅಂಗಿ, ಮಿಂಚುವ ಬೂಟು, ನನ್ನ ಪಕ್ಕದಲ್ಲಿ ನನ್ನ ನಡಿಗೆಗೆ ತಯಾರಾಗಿ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ನನಗೇ ತಿಳಿಯದು.

"ಓಡು" ಎಂದೆ.

ಅವಳು ನನ್ನನ್ನೇ ನೋಡಿದಳು.

"ನಿಂತ್ಕೊಂಡು ಏನ್ ನೋಡ್ತೀಯಾ? ಓಡೇ!"

ಓಡಿದಳು. ಓಟ ಅವಳಿಗೆ ಚೆನ್ನಾಗಿ ಬರುತ್ತದೆ, ನನಗೆ ಗೊತ್ತೇ ಇರಲಿಲ್ಲ. ಬಸ್ಸು ಮುಟ್ಟಿದಳು. ಇಷ್ಟಾಯಿತಲ್ಲ ಎಂದು ಉಸಿರು ಬಿಟ್ಟೆ. ಆಗ ಅವಳು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ಇನ್ನೊಂದನ್ನು ನೆಲದ ಮೇಲೇ ಬಿಟ್ಟು, ತಿರುಗಿ ನಿಂತಳು. ಎರಡು ಕೈಯಲ್ಲೂ ಬಾಗಿಲ ಕಂಬಿ ಹಿಡಿದು ನಮ್ಮ ಕಡೆ ನೋಡುತ್ತ ನಿಂತಳು.

"ಹತ್ತೇ!" ಎಂದು ಕೂಗಿದೆ. ಬೀದಿಯಲ್ಲಿ ನಾನು ಕೂಗಿದ್ದು ಇದೇ ಮೊದಲು. "ಹತ್ತಿ ಹೋಗೇ!"

"ನೀವು ಬನ್ನಿ!" ಎಂದು ಕೂಗಿದಳು. "ನಿಧಾನಕ್ಕೆ ಬಾ ಅಜ್ಜಿ!"

ಸೊಸೆ ನನ್ನ ತೋಳು ಹಿಡಿದಳು. "ನಡೀರಿ ಅತ್ತೆ. ಅವಳು ತೆಗೆಯಲ್ಲ."

ನಡೆದೆವು. ಅಷ್ಟು ಉದ್ದದ ದಾರಿಯನ್ನು ನಾನು ಈ ಜನ್ಮದಲ್ಲಿ ನಡೆದಿಲ್ಲ. ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಚಾಲಕ ಅವಳನ್ನು ಗುರುತು ಹಿಡಿದ, ದೂರು ಕೊಟ್ಟವಳೆಂದು. ಎಂಜಿನ್ ಆರಿಸಿ, ಕೈಕಟ್ಟಿ, ತನ್ನ ಮೇಲಧಿಕಾರಿ ಬರುವ ತನಕ ಬಸ್ಸು ಹೊರಡುವುದಿಲ್ಲ ಎಂದು ಕೂತುಬಿಟ್ಟ. ನಾವೆಲ್ಲ ಹತ್ತಿ ಕೂತೆವು, ಅವಳೂ ಹತ್ತಿದಳು. ಆದರೂ ಬಸ್ಸು ಹೊರಡಲಿಲ್ಲ. ಬಸ್ಸಿನ ಕಚೇರಿಯ ತಪಾಸಣೆಯವನು ಬಂದದ್ದು ಎಷ್ಟೋ ಹೊತ್ತಿನ ಮೇಲೆ. ಆ ದಾದಿ ಎಲ್ಲರಿಗಿಂತ ಮೊದಲು ಎದ್ದು ಅವನಿಗೆ ಎಲ್ಲ ಹೇಳಿದಳು. ಮೊಮ್ಮಗಳು ಆಮೇಲೆ ಹೇಳಿದಳು, ದನಿ ಏರಿಸದೆ, ಒಂದೊಂದೇ ಮಾತು. ಆಸ್ಪತ್ರೆಯಲ್ಲಿ ಬೇರೆಯವರ ನೋವನ್ನು ಹೀಗೇ ಹೇಳುತ್ತಾಳೇನೋ. ನಾನು ಅಲ್ಲಿಯ ತನಕ ನೋಡಿರಲಿಲ್ಲ.

ಸಂದರ್ಶನಕ್ಕೆ ತಡವಾಗಿ ಹೋದಳು. ಒಳಗೆ ಬಿಟ್ಟರಂತೆ. ಯಾಕೆ ತಡ ಎಂದು ಕೇಳಿದರಂತೆ. ಇದ್ದದ್ದು ಇದ್ದ ಹಾಗೆ ಹೇಳಿದಳಂತೆ.

ಮಾರ್ಚ್ ೨೫, ಮಂಗಳವಾರ

ಅವಳೊಡನೆ ಮಾತಾಡಲಿಲ್ಲ. ಅವಳ ಬೂಟಿಗೆ ಮೆಟ್ಟಿಲ ಅಂಚಿನ ಗೆರೆ ಬಿದ್ದಿದೆ. ಪಾಲಿಶ್ ಹಾಕಿ ತಿಕ್ಕಿದೆ. ಹೋಗುವುದಿಲ್ಲ.

ಏಪ್ರಿಲ್ ೧, ಮಂಗಳವಾರ

ಆಯ್ಕೆಯಾಗಲಿಲ್ಲ. ಸಮಯಪಾಲನೆ ಸಾಲದು ಎಂದರಂತೆ.

ಸಮಯಪಾಲನೆ! ಬಸ್ಸನ್ನು ಬಂಕಿನ ಮುಂದೆ ನಿಲ್ಲಿಸಿದವರು ಹೇಳಿದ ಮಾತು.

ಸೊಸೆ ಅತ್ತಳು. ಮಗ ದಾರಿಯಲ್ಲಿ ಎಲ್ಲೋ ಲಾರಿ ನಿಲ್ಲಿಸಿ ಫೋನು ಮಾಡಿ, ಅವಳು ಊಟ ಮಾಡಿದಳಾ ಎಂದು ಎರಡು ಸಲ ಕೇಳಿದ. ಮೊಮ್ಮಗಳು ನನ್ನ ಮುಂದೆ ಬಂದು ನಿಂತಳು. ಬೈಗಳಿಗೆ ಕಾಯುತ್ತಿದ್ದಳು.

"ನೀನು ಓಡು ಅಂದೆ, ನಾನು ಓಡಿದೆ. ಹತ್ತಿ ಹೋಗು ಅಂದೆ, ಅದೊಂದು ಕೇಳಲಿಲ್ಲ. ತಪ್ಪಾಯ್ತು ಅಜ್ಜಿ."

"ತಪ್ಪಾಯ್ತಾ?"

ಸ್ವಲ್ಪ ಯೋಚಿಸಿದಳು. "ಇಲ್ಲ. ನಿನಗೆ ಬೇಜಾರಾಯ್ತಲ್ಲ, ಅದಕ್ಕೆ ಹೇಳಿದೆ."

"ಮುಂದಿನ ವರ್ಷ ಇದೆಯಾ ಆ ತರಬೇತಿ?"

"ಪ್ರತಿ ವರ್ಷ ಇರತ್ತೆ. ಮತ್ತೆ ಬರ್ತೀನಿ ಅಂತ ಅವರಿಗೇ ಹೇಳಿ ಬಂದಿದೀನಿ."

"ಬಿಸ್ಕತ್ತು ಕೊಟ್ರಾ?"

"ಕೊಟ್ರು. ನಾನು ತಿನ್ನಲಿಲ್ಲ."

ಸಾಕು. ಕುರ್ಚಿ ಎಲ್ಲಿಗೂ ಓಡಿಹೋಗುವುದಿಲ್ಲ. ನಾವೂ ಓಡುವುದಿಲ್ಲ. ನಡೆದೇ ಹೋಗಿ ಕೂರುತ್ತೇವೆ.

ಸಂಜೆ ಮೇಲಿನ ಮನೆ ಹುಡುಗಿ ವಿಷಯ ತಿಳಿದು ಬಂದು ಇಡೀ ನಗರಸಭೆಯನ್ನು ಅಟ್ಟದಿಂದ ಅಡಿಪಾಯದ ತನಕ ಬೈದಳು. ಗಂಟಲು ಎಂದರೆ ಗಂಟಲು. ಬೀದಿಯ ಆ ತುದಿಗೂ ಕೇಳಿಸಿರಬೇಕು. ಒಳ್ಳೆಯದಾಯಿತು.

ಏಪ್ರಿಲ್ ೩, ಗುರುವಾರ

ಬಸ್ಸು ಕಂಬದ ಹತ್ತಿರ ನಿಂತಿತು.

ಊರಿನವರು ಒಬ್ಬರೂ ಇರಲಿಲ್ಲ. ನಾವೇ ಇದ್ದದ್ದು. ತಪಾಸಣೆಯವನು ಬೆಂಚಿನ ಮೇಲೆ ಕೂತಿದ್ದ. ಅದೇ ಕನ್ನಡಕದ ಚಾಲಕ, ಮುಂದಿನ ಗಾಜಿನಲ್ಲಿ ಏನೋ ಕಂಡವನ ಹಾಗೆ ನೆಟ್ಟಗೆ ನೋಡುತ್ತಿದ್ದ. ಬಾಗಿಲು ತೆರೆಯಿತು. ಯಾರೂ ಹತ್ತಲಿಲ್ಲ. ನನ್ನನ್ನೇ ನೋಡುತ್ತ ನಿಂತಿದ್ದರು.

"ಏನು, ಆರತಿ ಎತ್ತಬೇಕಾ? ಹತ್ತಿ" ಎಂದೆ.

ಮೇಲಿನ ಮನೆ ಹುಡುಗಿ ನಡೆದುಕೊಂಡು ಹೋಗಿ ಹತ್ತಿದಳು. ಎರಡೇ ಹೆಜ್ಜೆ. "ಅಯ್ಯೋ ಅಮ್ಮ, ನಂಗೆ ಇಷ್ಟು ಹತ್ತಿರ ನಡೆದು ಅಭ್ಯಾಸನೇ ಇಲ್ಲ, ಎಡವಿಬಿಡ್ತೀನೇನೋ" ಎಂದಳು. ಎಲ್ಲರೂ ನಕ್ಕರು. ನಾನು ಹಿಂದಿನಿಂದ ಅವಳ ಬೆನ್ನಿಗೆ ಕೈಯಾನಿಸಿ ಹಿಡಿದುಕೊಂಡೆ. ನಿಜವಾಗಿ ಎಡವಿದರೆ?

ಏಪ್ರಿಲ್ ೪, ಶುಕ್ರವಾರ

ತಪಾಸಣೆಯವನಿಲ್ಲ. ಆದರೂ ನಿಂತಿತು.

ಏಪ್ರಿಲ್ ೭, ಸೋಮವಾರ

ನಿಂತಿತು. ಬೇರೆ ಬರೆಯುವಂಥದ್ದೇನೂ ಇಲ್ಲ. ಮೊಮ್ಮಗಳು ಈಗ ಗೋದಾಮಿನ ಆಚೆಯ ಬೀದಿಯವರ ನಲ್ಲಿ ನೀರಿನ ವಿಷಯ ಹಿಡಿದುಕೊಂಡಿದ್ದಾಳೆ. ಭಾನುವಾರ ಮತ್ತೆ ನಮ್ಮ ಮನೆಯಲ್ಲೇ ಜನ ಸೇರುವುದಂತೆ. ಕಾಗದದ ಲೋಟ ಮುಗಿದಿದೆ. ಸೊಸೆಗೆ ಪಿಂಗಾಣಿ ಲೋಟಗಳನ್ನು ಅಟ್ಟದಿಂದ ಇಳಿಸಲು ಹೇಳಿದೆ. ಹಾಗೇ ಕುರ್ಚಿಗಳನ್ನೂ ಮೇಲಿನ ಮನೆಯಿಂದ ತರಿಸಬೇಕು.

ಏಪ್ರಿಲ್ ೧೪, ಸೋಮವಾರ

ಬಸ್ಸು ಕಂಬದ ಹತ್ತಿರ ಬಂದು ನಿಂತಿತು. ಎಲ್ಲರೂ ಹತ್ತಿದರು. ಯಾವಾಗಲೂ ಕೊನೆಯಲ್ಲಿ ಹತ್ತುವವಳು ನಾನು.

ಒಂದು ಕಾಲು ಮೆಟ್ಟಿಲ ಮೇಲಿಟ್ಟಾಗ ಕಣ್ಣಿಗೆ ಬಿದ್ದಳು, ಔಷಧಿ ಅಂಗಡಿಯವನ ತಾಯಿ. ಪಕ್ಕದ ಓಣಿಯ ಬಾಯಲ್ಲಿ ಕೋಲೂರಿಕೊಂಡು ಬರುತ್ತಿದ್ದಳು. ಬಸ್ಸು ನೋಡಿ ಗಾಬರಿಯಾಗಿ ಬೇಗ ಬೇಗ ಕೋಲು ಹಾಕತೊಡಗಿದಳು. ಉಣ್ಣೆಯ ಟೋಪಿ ಒಂದು ಕಿವಿಯ ಮೇಲೆ ಜಾರಿತ್ತು. ಚಾಲಕ ಅವಳನ್ನು ನೋಡಿರಲಿಲ್ಲ. ಅವನು ಈಗೀಗ ಪಕ್ಕದ ಕನ್ನಡಿ ನೋಡುವುದನ್ನೇ ಬಿಟ್ಟಿದ್ದಾನೆ.

"ಹತ್ತಿ, ಹತ್ತಿ" ಎಂದ ನನಗೆ.

ನಾನು ಹತ್ತಲಿಲ್ಲ. ಇನ್ನೊಂದು ಕಾಲನ್ನು ನೆಲದ ಮೇಲೇ ಬಿಟ್ಟು, ಕಂಬಿ ಹಿಡಿದು ತಿರುಗಿ ನಿಂತೆ. ಮಂಡಿ ಒಂದು ಮಾತು ಅಂದಿತು. ಕೇಳಿಸಿಕೊಳ್ಳಲಿಲ್ಲ. ಚಾಲಕ ನಿಟ್ಟುಸಿರು ಬಿಟ್ಟ. ಒಳಗಿನಿಂದ ಮೇಲಿನ ಮನೆ ಹುಡುಗಿ, "ಯಾರಮ್ಮ ಅದು?" ಎಂದಳು.

ಯಾರೆಂದು ಹೇಳುವಷ್ಟು ಪುರುಸೊತ್ತಿರಲಿಲ್ಲ. ಆ ಮುದುಕಿ ಕೈಚೀಲ ಎದೆಗೊತ್ತಿಕೊಂಡು, ಬಾಯಿ ತೆರೆದು ಏದುಸಿರು ಬಿಡುತ್ತ, ಓಡುವುದಕ್ಕೆ ನೋಡುತ್ತಿದ್ದಳು. ಈ ವಯಸ್ಸಿನಲ್ಲಿ, ಬಸ್ಸಿನ ಹಿಂದೆ.

ಇಲ್ಲಿಯ ಭಾಷೆಯಲ್ಲಿ ಆ ಮಾತಿಗೆ ಏನೆನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ನಮ್ಮ ಭಾಷೆಯಲ್ಲೇ ಕೂಗಿ ಹೇಳಿದೆ.

"ಓಡಬೇಡಿ! ನಿಧಾನಕ್ಕೆ ಬನ್ನಿ. ಇದು ಎಲ್ಲಿಗೂ ಹೋಗಲ್ಲ."